ಹಿಂದಕ್ಕೆ ಬೆಳೆದ ಕಾರು

ಆ ಪುಟ್ಟ ಕಾರಿನಲ್ಲಿ ಇಬ್ಬರಿಗೆ ಮಾತ್ರ ಜಾಗ, ಅದೂ ಇಬ್ಬರಲ್ಲೊಬ್ಬರು ಸಣಕಲಾಗಿದ್ದರೆ. ಇಂಗ್ಲಿಷರ ನಾಡಿನ ಆಬಿಂಗ್ಡನ್ ಊರಿನ ಸುತ್ತಮುತ್ತಲಿನವರಿಗೆ ಅದು ಮನೆಮಗಳಿದ್ದಂತೆ. ಹುಟ್ಟಿದ್ದೇ ಅಲ್ಲಿನ ಕಾರ್ಖಾನೆಯಲ್ಲಿ. ಮೊದಲು ಬಂದ ಮಾದರಿಗೆ ಹೊರಗಿನಿಂದ ಬಾಗಿಲು ತೆಗೆಯಲು ಹಿಡಿಯಿರಲಿಲ್ಲ, ಡಿಕ್ಕಿಗೆ ಮುಚ್ಚಳವಿರಲಿಲ್ಲ, ಕಿಟಕಿಗೆ ಗಾಜಿರಲಿಲ್ಲ. ದೀಪಗಳೆರಡೂ ಬಾನೆಟ್ಟಿನ ಮೇಲೆ ಉಬ್ಬಿ ಕೂತಿದ್ದರಿಂದ ಕಪ್ಪೆಗಣ್ಣು ಎಂಬ ಹೆಸರು ಬಿತ್ತು. ಆಮೇಲಿನದಕ್ಕೆ ಡಿಕ್ಕಿಯ ಮುಚ್ಚಳ ಬಂತು, ದೀಪಗಳು ಪಕ್ಕಕ್ಕೆ ಸರಿದವು. ಅದರ ನಂತರದ್ದಕ್ಕೆ ಬಾಗಿಲ ಹಿಡಿ, ಏರಿಸಿ ಇಳಿಸುವ ಗಾಜು. ಕೊನೆಗೆ ಅಮೆರಿಕದವರ ಸುರಕ್ಷತಾ ಕಾನೂನಿಗೆ ಹೆದರಿ ಹಿಂದೆ ಮುಂದೆ ಕಪ್ಪು ರಬ್ಬರಿನ ಬಂಪರ್ ಕಟ್ಟಿಕೊಂಡು, ಮೈಯನ್ನು ಒಂದಿಷ್ಟು ಮೇಲೆತ್ತಿಕೊಂಡು ನಿಂತಿತು. ಬೇರೆ ಯಾರೇ ಆದರೂ ಇದನ್ನು ಬೆಳವಣಿಗೆ ಎನ್ನುತ್ತಾರೆ. ಈ ಕಾರಿದ್ದವರೆಲ್ಲ ಸೇರಿ ಕಟ್ಟಿಕೊಂಡ ಕ್ಲಬ್ಬಿನವರು ಮಾತ್ರ ಅಧಃಪತನ ಎನ್ನುತ್ತಿದ್ದರು.

ಕ್ಲಬ್ಬೆಂದರೆ ಹ್ಯೂಬರ್ಟ್ ಲವೆಲ್. ನಿವೃತ್ತ ಬ್ಯಾಂಕ್ ಮ್ಯಾನೇಜರು, ಒಂದು ಅಪ್ಪಟ ಕಪ್ಪೆಗಣ್ಣಿನ ಒಡೆಯ, ಹುಟ್ಟಿನಿಂದಲೇ ಅಧ್ಯಕ್ಷನೇನೋ ಎಂಬಂಥ ಗತ್ತು. ಬೇಸಿಗೆಯ ಪ್ರದರ್ಶನಕ್ಕೆ ಮೈದಾನದಲ್ಲಿ ಕಾರುಗಳು ಯಾವ ಸಾಲಿನಲ್ಲಿ ನಿಲ್ಲಬೇಕೆಂಬ ನಿಯಮ ಮಾಡಿದವನು ಅವನೇ. ಕಪ್ಪೆಗಣ್ಣುಗಳಿಗೆ ಮೊದಲ ಸಾಲು, ಚಹಾದ ಡೇರೆಯ ಎದುರಿಗೆ. ಮುಚ್ಚಳದವು ಅದರ ಹಿಂದೆ, ಗಾಜಿನವು ಅದಕ್ಕೂ ಹಿಂದೆ. ರಬ್ಬರಿನವು ಬೇಲಿಯ ಪಕ್ಕ, ಬಾಡಿಗೆಗೆ ತಂದ ಪಾಯಿಖಾನೆಗಳ ಮಗ್ಗುಲಲ್ಲಿ.

ಆ ಮಗ್ಗುಲಲ್ಲಿ ವರ್ಷಗಟ್ಟಲೆ ನಿಂತವಳು ವಿನಿಫ್ರೆಡ್ ಟ್ಯಾಪ್‌ಸ್ಕಾಟ್. ಊರಿನ ಅಂಚೆ ಕಚೇರಿ ನೋಡಿಕೊಂಡವಳು, ಗಂಡ ತೀರಿಕೊಂಡ ಮೇಲೆ ತನ್ನ ಖುಷಿಗೆಂದು ಒಂದು ರಬ್ಬರಿನ ಕಾರು ಕೊಂಡವಳು. ಸರದಿಯಲ್ಲಿ ನಿಂತವರು ಅವಳ ಬಂಪರಿಗೆ ನಾಯಿ ಕಟ್ಟುತ್ತಿದ್ದರು. ಒಳಗೆ ಒರೆಸುವ ಪೇಪರು ಮುಗಿದಿದೆ, ನಿಮ್ಮ ಹತ್ತಿರ ಇದೆಯೇ ಎಂದು ಕೇಳುತ್ತಿದ್ದರು. ಕೇಳಿ ಕೇಳಿ ಸಾಕಾಗಿ ಅವಳು ಒಂದು ಸುರುಳಿ ಇಟ್ಟುಕೊಳ್ಳುವುದನ್ನೇ ರೂಢಿ ಮಾಡಿಕೊಂಡಳು. ಅದನ್ನೆಲ್ಲ ಸಹಿಸಬಹುದಿತ್ತು. ಆದರೆ ಒಂದು ವರ್ಷ ಹ್ಯೂಬರ್ಟ್ ಧ್ವನಿವರ್ಧಕದಲ್ಲಿ, ನಮ್ಮ ಮಿಸೆಸ್ ಟ್ಯಾಪ್‌ಸ್ಕಾಟ್ ಅವರ ಕಾರು ಗಂಬೂಟು ಹಾಕಿಕೊಂಡು ಕುಣಿಯಲು ಬಂದ ಹುಡುಗಿಯಂತಿದೆ ಎಂದುಬಿಟ್ಟ. ಮೈದಾನವೆಲ್ಲ ನಕ್ಕಿತು. ಅವಳೂ ನಕ್ಕಳು, ಅಂಚೆ ಕಚೇರಿಯಲ್ಲಿ ಕೂತವರಿಗೆ ಒಳಗೆ ಕುದಿಯುತ್ತ ನಗುವುದು ಗೊತ್ತಿರುತ್ತದೆ.

ಅಂದೇ ಶಪಥ ಮಾಡಿದಳು. ಒಂದಲ್ಲ ಒಂದು ದಿನ ಮೊದಲ ಸಾಲಿನಲ್ಲಿ, ಹ್ಯೂಬರ್ಟನ ಪಕ್ಕದಲ್ಲೇ ಕಾರು ನಿಲ್ಲಿಸಬೇಕು, ಅವನ ಮುಖ ಪೆಚ್ಚಾಗುವುದನ್ನು ನೋಡುತ್ತ ಒಂದು ಕಪ್ ಚಹಾ ಕುಡಿಯಬೇಕು. ಅದಕ್ಕಿಂತ ಹೆಚ್ಚೇನೂ ಅವಳಿಗೆ ಬೇಕಿರಲಿಲ್ಲ.

ಕಪ್ಪೆಗಣ್ಣೊಂದನ್ನು ಕೊಳ್ಳುವ ಶಕ್ತಿಯಿಲ್ಲ. ಆದ್ದರಿಂದ ಇದ್ದ ಕಾರನ್ನೇ ಹಿಂದಕ್ಕೆ ಬೆಳೆಸಲು ಹೊರಟಳು. ಊರಾಚೆ ಗ್ಯಾರೇಜಿಟ್ಟಿದ್ದ ಡೆನ್‌ಜಿಲ್ ಮೊದಲ ಚಳಿಗಾಲದಲ್ಲಿ ರಬ್ಬರು ಕಿತ್ತು, ಮೈ ತಗ್ಗಿಸಿ, ಹೊಳೆಯುವ ಬಂಪರ್ ಹಾಕಿದ. ಅವಳು ಒಂದು ಸಾಲು ಮುಂದೆ ಬಂದಳು. ಮರುವರ್ಷ ಗಾಜು, ಹಿಡಿ ಎರಡೂ ಹೋದವು. ಕಿಟಕಿಗೆ ಸಿಕ್ಕಿಸುವ ಪರದೆ ಬಂತು. ಇನ್ನೊಂದು ಸಾಲು. ಬಿಚ್ಚಿದ ಸಾಮಾನನ್ನು ಏನು ಮಾಡುತ್ತೀಯೆಂದು ಕೇಳಿದರೆ ಡೆನ್‌ಜಿಲ್, ಅದಕ್ಕೂ ಗಿರಾಕಿ ಇದ್ದಾನೆಂದು ಹಲ್ಲು ಕಿರಿಯುತ್ತಿದ್ದ.

ಕಡೆಯ ಚಳಿಗಾಲ ಡಿಕ್ಕಿಯ ಮುಚ್ಚಳ ಹೋಗಿ ಆ ಜಾಗಕ್ಕೆ ತಗಡು ಬೆಸೆಯಲಾಯಿತು. ಇನ್ನು ಉಳಿದದ್ದು ಕಣ್ಣು. ಆ ಕಣ್ಣು ಕೂತಿರುವ ಅಸಲಿ ಬಾನೆಟ್ಟು, ಅಂದರೆ ಕಾರಿನ ಇಡೀ ಮೂಗು, ಸಿಗುವುದೆಂದರೆ ಆನೆಗೆ ರೆಕ್ಕೆ ಬಂದಂತೆ ಎಂದುಕೊಂಡಿದ್ದಳು. ಡೆನ್‌ಜಿಲ್ ಅದನ್ನೂ ತಂದು ನಿಲ್ಲಿಸಿದ.

"ಎಲ್ಲಿ ಸಿಕ್ತಪ್ಪಾ ಇದು?"

"ಅದ್ಯಾಕೆ ಬಿಡಿ, ಮಿಸೆಸ್ ಟಿ. ಒಬ್ರು ವಯಸ್ಸಾದೋರು, ಇನ್ನು ತಮಗೆ ಬೇಡ ಅಂದ್ರು. ಹೆಸರು ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದಾರೆ."

ಈ ನಡುವೆ ಹ್ಯೂಬರ್ಟನ ಕಾರನ್ನು ಯಾರೂ ನೋಡಿರಲಿಲ್ಲ. ಹೊಸದಾಗಿ ಬಣ್ಣ ಹೊಡೆಸುತ್ತಿದ್ದೇನೆ, ಹುಟ್ಟಿದಾಗ ಇದ್ದ ಹಸಿರು ಸಿಗುತ್ತಿಲ್ಲ ಎಂದು ಹೇಳಿ ಎರಡು ಪ್ರದರ್ಶನಗಳಿಗೆ ಅವನು ಪಕ್ಕದ ಮನೆಯವರ ಕಾರಿನಲ್ಲಿ ಬಂದಿದ್ದ. ಬೇರೆ ಕಡೆಯಾದರೆ ಜನ ನಗುತ್ತಿದ್ದರು. ಈ ಕ್ಲಬ್ಬಿನಲ್ಲಿ ಒಂದು ಹಸಿರಿಗಾಗಿ ಎರಡು ವರ್ಷ ಕಾಯುವವನಿಗೆ ಕೈಮುಗಿಯುವುದೊಂದೇ ಬಾಕಿ.

ಪ್ರದರ್ಶನದ ಬೆಳಿಗ್ಗೆ ವಿನಿಫ್ರೆಡ್ ಬಂದಾಗ ಗೇಟಿನಲ್ಲಿದ್ದ ಸ್ವಯಂಸೇವಕ ಕಾರಿನ ಮೂಗು ನೋಡಿ ಟೋಪಿ ಮುಟ್ಟಿಕೊಂಡು ಮೊದಲ ಸಾಲಿಗೆ ಕೈ ತೋರಿಸಿದ. ಅವಳು ನಡುವಿನ ಜಾಗದಲ್ಲಿ ನಿಲ್ಲಿಸಿದಳು. ಪಕ್ಕದ ಜಾಗ, ಅಧ್ಯಕ್ಷರದ್ದು, ಖಾಲಿ ಇತ್ತು. ಬರಲಿ ಎಂದು ಕಾದಳು. ಚಹಾ, ಪೋರ್ಕ್ ಪೈ ಇದ್ದ ಬುಟ್ಟಿ ಡಿಕ್ಕಿಯಲ್ಲಿತ್ತು. ಈಗ ಅದಕ್ಕೆ ಮುಚ್ಚಳವಿಲ್ಲವಲ್ಲ, ಸೀಟಿನ ಹಿಂದಿನಿಂದ ತಲೆ ತೂರಿಸಿ ತೆವಳಬೇಕು. ತೆವಳಿದಳು. ಹೊರಗೆ ಅವಳ ಕಾಲುಗಳೆರಡೂ ಆಡುತ್ತಿದ್ದಾಗಲೇ ಬಹುಮಾನದ ತೀರ್ಪುಗಾರರು ಬಂದು, ಆಹಾ ಇದೇ ನೋಡಿ ಸರಿಯಾದ ಕ್ರಮ ಎಂದು ಬರೆದುಕೊಂಡು ಹೋದರು. ಅಷ್ಟು ಮಾಡಿಯೂ ಬುಟ್ಟಿ ಸಿಗಲಿಲ್ಲ.

ಹತ್ತೂವರೆಗೆ ಮಳೆ ಬಂತು. ಪರದೆಯ ಸಂದಿನಿಂದ ನೀರು ನೇರವಾಗಿ ತೊಡೆಯ ಮೇಲೆ ಸುರಿಯಿತು. ಹ್ಯೂಬರ್ಟ್ ಬರಲೇ ಇಲ್ಲ. ಇಷ್ಟು ವರ್ಷ ಬಿಚ್ಚಿ, ಬೆಸೆದು, ಬಗ್ಗಿ ಕೂತು ಸೊಂಟ ಮುರಿದುಕೊಂಡದ್ದು ಒಂದು ಮುಖ ನೋಡಲು. ಆ ಮುಖವೇ ಇಲ್ಲ. ವಿನಿಫ್ರೆಡ್‌ಗೆ ಅಳು ಬರುವಷ್ಟು ಸಿಟ್ಟು ಬಂತು. ಸಿಟ್ಟಿನ ಜೊತೆಗೆ, ಚಳಿಯಲ್ಲವೇ, ಇನ್ನೊಂದು ಅವಸರವೂ ಬಂತು. ಕೊಡೆ ಬಿಚ್ಚಿ ಬೇಲಿಯ ಕಡೆ ನಡೆದಳು.

ಪಾಯಿಖಾನೆಯಿಂದ ಹೊರಬಂದಾಗ ಕಂಡದ್ದು ಒಂದೇ ಒಂದು ಕಾರು, ಅವಳು ನಿಲ್ಲಿಸುತ್ತಿದ್ದ ಹಳೆಯ ಜಾಗದಲ್ಲೇ. ಅದರ ಬಂಪರಿಗೆ ಯಾರೋ ನಾಯಿ ಕಟ್ಟಿದ್ದರು. ಬಂಪರಿನ ಎಡಮೂಲೆಯಲ್ಲಿ ಒಂದು ಗಾಯ, ಗಾಯದ ಮೇಲೆ ಬೂಟ್ ಪಾಲಿಶ್. ಪಾದ್ರಿಯವರ ಗೇಟಿಗೆ ಗುದ್ದಿ ಆ ಗಾಯ ಮಾಡಿದವಳೂ ಪಾಲಿಶ್ ಬಳಿದವಳೂ ಅವಳೇ. ಬಾಗಿಲ ಹಿಡಿ ಅವಳದು, ಡಿಕ್ಕಿಯ ಮುಚ್ಚಳ ಅವಳದು, ಮೂತಿಯೂ ಅವಳದೇ. ಒಳಗೆ, ಏರಿಸಿದ ಗಾಜಿನ ಹಿಂದೆ, ಒಣ ಕೋಟು ತೊಟ್ಟು, ತೊಡೆಯ ಪಕ್ಕ ಚಹಾದ ಫ್ಲಾಸ್ಕಿಟ್ಟುಕೊಂಡು ಪೇಪರು ಓದುತ್ತ ಕೂತಿದ್ದವನು ಹ್ಯೂಬರ್ಟ್ ಲವೆಲ್.

ಅವಳು ಎಡಗಡೆಯ ಬಾಗಿಲು ತೆಗೆದು ಕೇಳದೆಯೇ ಹತ್ತಿ ಕೂತಳು. ಹ್ಯೂಬರ್ಟ್ ಪೇಪರು ಮಡಚಿದ. ಆಮೇಲೆ ಅವನೇ ಬಾಯಿ ಬಿಟ್ಟ. ಬೆನ್ನುಮೂಳೆಯ ಮಣಿಯೊಂದು ಜಾರಿದೆ. ಕಪ್ಪೆಗಣ್ಣಿನೊಳಕ್ಕೆ ಇಳಿದರೆ ಮೇಲೇಳಲು ಇಬ್ಬರು ಬೇಕು. ಕಾರು ಮಾರಲು ಮನಸ್ಸಿಲ್ಲ. ಡೆನ್‌ಜಿಲ್ ಆಮೇಲಿನ ಮಾದರಿಗಳ ಸಾಮಾನು ಹಾಕಿ ಅದನ್ನೇ ಚೂರುಚೂರೇ ಮೇಲೆತ್ತಿಕೊಟ್ಟ. ಮೂಗು ಯಾಕೆ ಬದಲಾಯಿಸಿದಿರಿ ಎಂದರೆ, ರಬ್ಬರಿನ ಮೇಲೆ ಆ ಕಣ್ಣು ನೋಡಲಾಗಲಿಲ್ಲ ಎಂದ. ಆ ಮೂಗು ಮೊದಲ ಸಾಲಿನಲ್ಲಿ ನಿಂತಿದೆ ಎಂದಳು ವಿನಿಫ್ರೆಡ್. ಡೆನ್‌ಜಿಲ್ ಎರಡೂ ಮನೆಯಲ್ಲಿ ಉಂಡು ಎರಡೂ ಮನೆಯಲ್ಲಿ ಬಾಯಿ ಒರೆಸಿಕೊಂಡಿದ್ದು ಆಗ ಇಬ್ಬರಿಗೂ ತಿಳಿಯಿತು.

"ಸರಿ, ಇಲ್ಯಾಕೆ ನಿಲ್ಸಿದೀರಿ? ಅಧ್ಯಕ್ಷರು ನೀವು. ಯಾರು ಕೇಳ್ತಿದ್ರು?"

"ನಿಯಮ ನಂದೇ ಅಲ್ವಾ, ವಿನಿಫ್ರೆಡ್."

ಮಾಡಿದ್ದುಣ್ಣೋ ಮಹರಾಯ ಎನ್ನಲು ಇದಕ್ಕಿಂತ ಒಳ್ಳೆಯ ಸಮಯವಿರಲಿಲ್ಲ. ಆದರೆ ಹ್ಯೂಬರ್ಟನ ಮುಖದಲ್ಲಿ ಪೆಚ್ಚು ಎಂಬುದರ ಸುಳಿವೇ ಇಲ್ಲ. ಅವನು ಬೆಚ್ಚಗಿದ್ದ. ಬೆನ್ನು ನೋಯುತ್ತಿಲ್ಲವೆಂದ, ಗಾಜು ಏರಿಸಿದರೆ ಮಳೆಯ ಸದ್ದೂ ಹಿತವೆಂದ, ಇಷ್ಟು ವರ್ಷ ಯಾಕೆ ನೆನೆದೆನೋ ಎಂದು ನಕ್ಕ. ಇವಳ ಎದೆಯೊಳಗೆ ಗಂಬೂಟಿನ ಮಾತು ಮತ್ತೆ ಚುಚ್ಚಿತು.

ಅಷ್ಟರಲ್ಲಿ ಧ್ವನಿವರ್ಧಕ ಕೆಮ್ಮಿತು. ಮೂಲ ರೂಪವನ್ನು ಚೆನ್ನಾಗಿ ಉಳಿಸಿಕೊಂಡ ಕಾರಿನ ಬಹುಮಾನ ಮಿಸೆಸ್ ಟ್ಯಾಪ್‌ಸ್ಕಾಟ್ ಅವರಿಗೆ, ದಯವಿಟ್ಟು ವೇದಿಕೆಗೆ ಬನ್ನಿ. ಹ್ಯೂಬರ್ಟ್ ಮನಸಾರೆ ಚಪ್ಪಾಳೆ ತಟ್ಟಿದ. ಅದು ಎಲ್ಲಕ್ಕಿಂತ ಹೆಚ್ಚು ಉರಿಸಿತು. ವಿನಿಫ್ರೆಡ್ ಕೈಚೀಲವನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡಳು.

"ಹ್ಯೂಬರ್ಟ್, ನಂಗೆ ಆ ಕಪ್ಪೆಗಣ್ಣು ಸಾಕಾಯ್ತು. ನಾಳೆನೇ ಡೆನ್‌ಜಿಲ್‌ಗೆ ಹೇಳ್ತೀನಿ. ನಿಮ್ದು ನಿಮಗೆ, ನಂದು ನಂಗೆ. ಗಾಜು, ಹಿಡಿ, ಬಂಪರ್, ಎಲ್ಲ ವಾಪಸ್ ಹಾಕ್ಲಿ."

ಚಪ್ಪಾಳೆ ನಿಂತಿತು. ಹ್ಯೂಬರ್ಟನ ಹುಬ್ಬು ಇಳಿಯಿತು, ಕೆನ್ನೆ ಇಳಿಯಿತು, ಮೀಸೆಯೂ ಇಳಿಯಿತು. ಕೈ ತಾನಾಗಿ ಹೋಗಿ ಗಾಜಿನ ಹಿಡಿಯನ್ನು ಭದ್ರವಾಗಿ ಹಿಡಿದುಕೊಂಡಿತು.

ವಿನಿಫ್ರೆಡ್ ಆ ಮುಖವನ್ನು ಎಲ್ಲೂ ಬಿಡದೆ ನೋಡಿದಳು. ವೇದಿಕೆಯಿಂದ ಅವಳ ಹೆಸರನ್ನು ಇನ್ನೊಮ್ಮೆ ಕರೆದರು. ಯಾರೋ ಒದ್ದೆಯಾದವರು ಬಂದು ಗಾಜು ತಟ್ಟಿ ಪೇಪರು ಇದೆಯೇ ಎಂದು ಕೇಳಿದರು. ಹ್ಯೂಬರ್ಟ್ ಗಾಜು ಇಳಿಸಿದ. ಅವಳು ಕೈಚೀಲದಿಂದ ಸುರುಳಿ ತೆಗೆದು ಕೊಟ್ಟಳು, ಗಾಜು ಏರಿಸಲು ಹೇಳಿದಳು, ಆಮೇಲೆ ಹ್ಯೂಬರ್ಟನ ಫ್ಲಾಸ್ಕಿನ ಕಡೆ ಕೈ ಚಾಚಿದಳು.

"ಆ ವಿಷ್ಯ ಆಮೇಲೆ ನೋಡೋಣ," ಎಂದಳು. "ಮೊದ್ಲು ಒಂದು ಕಪ್ ಟೀ ಕೊಡಿ."