ಎಂಟು ಕಾಣದ ಬೋರ್ಡು

ಕಣ್ಣಾಸ್ಪತ್ರೆಯಲ್ಲಿ ಹೊಸ ಟೋಕನ್ ಬೋರ್ಡಿಗೆ ಅಂದು ಮೊದಲ ದಿನ. ಅದರ ಪ್ರೋಗ್ರಾಮ್ ಬರೆದ ಹುಡುಗಿ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಮೂಲೆಯಲ್ಲಿ ಮುದುಡಿ ಕುಳಿತಿದ್ದಳು. ಬೋರ್ಡು ನೆಟ್ಟಗೆ ನಡೆದರೆ ಕೆಲಸ ಕಾಯಂ, ಇಲ್ಲದಿದ್ದರೆ ಬೇರೆ ಕಡೆ ನೋಡಿಕೊಳ್ಳಿ ಎಂದಿದ್ದ ಮೇಲಧಿಕಾರಿ ಪಕ್ಕದಲ್ಲೇ ಇದ್ದರು.

ಏಳನೇ ಟೋಕನ್‌ವರೆಗೆ ಎಲ್ಲ ಹೂವೆತ್ತಿದಷ್ಟು ಸಲೀಸು. ಎಂಟಕ್ಕೆ ಬೋರ್ಡು ಖಾಲಿ. ನರ್ಸಮ್ಮ ಮತ್ತೆ ಗುಂಡಿ ಒತ್ತಿದರು, ಒಂಬತ್ತಕ್ಕೂ ಖಾಲಿ. ಇನ್ನೊಮ್ಮೆ ಒತ್ತಿದರೆ, ಹತ್ತು ಬರಬೇಕಾದಲ್ಲಿ ಎಂಟು ಬಂತು! ಎಂಟರ ಚೀಟಿ ಹಿಡಿದಿದ್ದ ಅಜ್ಜ ಎದ್ದು ಒಳಗೆ ಹೋದವರು ಅಷ್ಟೇ ಬೇಗ ಹೊರಬಂದರು. ಡಾಕ್ಟರ ಪರದೆಯ ಮೇಲಿದ್ದುದು ಹತ್ತನೆಯ ಚೀಟಿಯ ಹೆಂಗಸಿನ ವಿವರ.

"ನನ್ನನ್ನ ಯಾರದೋ ಸೊಸೆ ಅಂದ್ರಮ್ಮ ಒಳಗೆ. ಕಣ್ಣು ಹೋಗಿರೋದು ನಂಗೋ ಅವ್ರಿಗೋ?"

ಹುಡುಗಿಗೆ ತಲೆಬುಡ ತಿಳಿಯಲಿಲ್ಲ. ಆಫೀಸಿನಲ್ಲಿ ಒಂದರಿಂದ ನೂರರವರೆಗೆ ಪರೀಕ್ಷಿಸಿದ್ದಳು. ವೈರು ಅಲುಗಾಡಿಸಿ ನೋಡಿದಳು. ಪ್ರಿಂಟರನ್ನು ಅನುಮಾನಿಸಿದಳು. ಕೊನೆಗೆ ಎಂಟನ್ನೇ ಅನುಮಾನಿಸಿದಳು. ಚೀಟಿಗಳಲ್ಲಿದ್ದುದು 008, 010; ಆಫೀಸಿನಲ್ಲಿ ಅವಳು ಕೊಟ್ಟು ನೋಡಿದ್ದು ಬರೀ 8, 10. ಆ ಸೊನ್ನೆ ತೆಗೆಸಿಬಿಡಿ ಎಂದು ಮೇಲಧಿಕಾರಿ ಗೊಣಗಿದರೆ, ಮೂರಂಕಿ ಇಲ್ಲದ ಚೀಟಿಯನ್ನು ಇಲ್ಲಿ ಯಾರೂ ನಂಬುವುದಿಲ್ಲ ಎಂದು ನರ್ಸಮ್ಮ ಕಡ್ಡಿ ಮುರಿದಂತೆ ಹೇಳಿದರು.

ಅವಳ ಪ್ರೋಗ್ರಾಮಿನಲ್ಲಿ 'ರೋಗಿ' ಎಂಬ ಕ್ಲಾಸಿತ್ತು, ಅಚ್ಚಿನ ಹಾಗೆ. ಬಂದವರೊಬ್ಬೊಬ್ಬರೂ ಆ ಅಚ್ಚಿನಿಂದ ತೆಗೆದ ಒಂದೊಂದು ಆಬ್ಜೆಕ್ಟ್. ಪ್ರತಿಯೊಂದರಲ್ಲೂ ಟೋಕನ್ ಬರೀ ಅಕ್ಷರಗಳ ಸಾಲಾಗಿ ಕುಳಿತಿರುತ್ತಿತ್ತು. ಅದನ್ನು ಸಂಖ್ಯೆ ಮಾಡುವ ಕೆಲಸ 'ಡಿಕೋಡ್' ಎಂಬ ಮೆಥಡ್‌ನದು; ಅದು ಅವಳು ಬರೆದದ್ದಲ್ಲ, ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಬಂದದ್ದು. ಅದಕ್ಕೇ ಒಂದೊಂದಾಗಿ ಉಣಿಸಿ ನೋಡಿದಳು. 007 ಏಳಾಯಿತು. 008 ಕೊಟ್ಟರೆ ಸಿಟ್ಟು, ಇದು ಸಂಖ್ಯೆಯೇ ಅಲ್ಲವೆಂದು. 010 ಎಂಟು, 011 ಒಂಬತ್ತು. ಏಳಾದ ಮೇಲೆ ನೇರ 10 ಎಂದು ಬರೆಯುವ ಎಣಿಕೆ! ಮುಂದೆ ಸೊನ್ನೆ ಕಂಡರೆ ಈ ಮಹಾರಾಯ ಎಂಟರ ಗುಂಪುಗಳಲ್ಲಿ ಎಣಿಸುತ್ತಾನೆ. ಆ ಎಣಿಕೆಯಲ್ಲಿ ಎಂಟು, ಒಂಬತ್ತು ಎಂಬ ಅಂಕಿಗಳೇ ಇಲ್ಲ. ಯಾವ ಪುಣ್ಯಾತ್ಮ ಹೀಗೆ ಮಾಡಿಟ್ಟನೋ ಎಂದು ಬೆರಗಾಗುತ್ತಲೇ ಆ ಡಿಕೋಡನ್ನು ಕಿತ್ತು, ಸದಾ ಹತ್ತರ ಲೆಕ್ಕದಲ್ಲೇ ಓದುವ ಮೆಥಡನ್ನು ಹಾಕಿದಳು.

ಬೋರ್ಡಿನಲ್ಲಿ ಎಂಟು ಬಂತು. ಅಜ್ಜ ಅನುಮಾನದಿಂದಲೇ ಎದ್ದರು. ಆಮೇಲೆ ಒಂಬತ್ತು, ಹತ್ತು.

ಏನಾಗಿತ್ತು ಎಂದು ಮೇಲಧಿಕಾರಿ ಕೇಳಿದರು. ಅವಳು ತಡವರಿಸುತ್ತ ವಿವರಿಸಿದಳು. ಅವರು ಬೋರ್ಡಿನತ್ತ ಬೆರಳು ತೋರಿಸಿದರು.

"ನಂಗೊಂದೂ ಅರ್ಥ ಆಗ್ಲಿಲ್ಲ. ಮುಂದಿನ ತಿಂಗಳು ಔಷಧಿ ಕೌಂಟರಿಗೂ ಬೋರ್ಡು ಹಾಕ್ಬೇಕು. ಅದನ್ನೂ ನೀವೇ ನೋಡ್ಕೊಳ್ಳಿ."

ಮುಂದಿನ ತಿಂಗಳೂ ತಾನಿರುತ್ತೇನೆಂದೇ ಇದರ ಅರ್ಥ? ಕೇಳೋಣವೆಂದು ಬಾಯಿ ತೆರೆದಳು. ಬಾಯಿಂದ ಹೊರಟದ್ದು "ಹೂಂ ಸರ್" ಅಷ್ಟೇ.