ಹತ್ತು ಮೊಳ ದರ್ಶನ

ಅಗರದ ಮಾಲಿನಿಗೆ ಹಳೆಯ ಸಿನಿಮಾ ಸುರುಳಿಗಳನ್ನು ತೊಳೆದು, ಅಂಟಿಸಿ, ಉಳಿಸುವ ಕೆಲಸ. ಕೊಳ್ಳೇಗಾಲದ ಟಾಕೀಸಿನಲ್ಲಿ ಹಿಂದೆ ಆಪರೇಟರ್ ಆಗಿದ್ದ ಪುಟ್ಟಮಾದಪ್ಪನನ್ನು ಹುಡುಕಿಕೊಂಡು ಅವಳು ಹನೂರಿಗೆ ಬಂದಿದ್ದಳು.

"ತಾತ, ನೀವು ಓಡಿಸಿದ್ರಲ್ಲ, ಆ ಭಕ್ತಿ ಚಿತ್ರದ ಪ್ರಿಂಟು ಈಗ ಉಳಿದಿರೋದು ಒಂದೇ. ಅದ್ರಲ್ಲಿ ಶಿವ ಪ್ರತ್ಯಕ್ಷ ಆಗೋದೇ ಇಲ್ಲ. ನಾಯಕಿ ಕೈ ಮುಗೀತಾಳೆ, ತಕ್ಷಣ ಮದ್ವೆ ಊಟ."

"ಫಿಲ್ಮ್ ಪೆಟ್ಗೆ ಬರುವಾಗ್ಲೇ ಅರಿದೋಗಿತ್ತು ಕಣವ್ವ," ಎಂದ ಪುಟ್ಟಮಾದಪ್ಪ.

ಹರಿದಿರಲಿಲ್ಲ. ನಲವತ್ತೆರಡು ವರ್ಷದ ಹಿಂದೆ ಆ ಚಿತ್ರ ಓಡುವಾಗ ಜನ ಪರದೆಯ ಮುಂದೆ ಕರ್ಪೂರ ಹಚ್ಚಿ ಕಾಯಿ ಒಡೆಯುತ್ತಿದ್ದರು. ಅವನ ಹೆಂಡತಿ ಶಿವರತ್ನಮ್ಮ ಆಗ ಬಂಡಳ್ಳಿಯ ತವರಿನಲ್ಲಿ ಬಾಣಂತಿ. ಊರಿಗೆಲ್ಲ ಸಿಕ್ಕ ದರ್ಶನ ತನಗಿಲ್ಲವೆಂದು ಅತ್ತಳು. ಕೊನೆಯ ಆಟ ಮುಗಿದ ಮೇಲೆ ಅವನು ಶಿವನಿದ್ದ ಹತ್ತು ಮೊಳ ಫಿಲ್ಮು ಕತ್ತರಿಸಿಕೊಂಡು, ತುದಿಗಳನ್ನು ಅಂಟಿಸಿ ಪೆಟ್ಟಿಗೆ ಕಳಿಸಿಬಿಟ್ಟ. ಬಿಸಾಕಿದ ತುಂಡು ಎಂದು ಹೆಂಡತಿಗೆ ಹೇಳಿದ. ಅವಳು ಅದನ್ನು ಹಿತ್ತಾಳೆ ಡಬ್ಬಿಯಲ್ಲಿಟ್ಟು ದೇವರ ಗೂಡಿಗೆ ಸೇರಿಸಿದಳು. ಸೋಮವಾರ ಸೋಮವಾರ ಕುಂಕುಮ, ಒಂದು ತೊಟ್ಟು ಎಣ್ಣೆ. "ಸ್ವಾಮಿ ತಾನಾಗೇ ನಮ್ಮನೆಗೆ ಬಂದವ್ನೆ" ಎಂದು ಬಂದವರಿಗೆಲ್ಲ ಹೇಳುವಳು. ಹೋದ ವೈಶಾಖದಲ್ಲಿ ಕಣ್ಣು ಮುಚ್ಚುವವರೆಗೂ ಹಾಗೆಯೇ ನಂಬಿದ್ದಳು.

ಮಾಲಿನಿ ಎದ್ದಳು. "ಸರಿ ತಾತ. ಈ ಭಾಗ ಸಿಕ್ಕಿಲ್ಲ ಅಂತ ಬರೆದು ಮುಗಿಸ್ತೀವಿ."

ಅವಳು ಚಪ್ಪಲಿ ಮೆಟ್ಟುವಷ್ಟರಲ್ಲಿ ಅವನಿಗೆ ತಡೆಯಲಾಗಲಿಲ್ಲ. ಡಬ್ಬಿ ತಂದು ಅವಳ ಕೈಗಿಟ್ಟ.

"ನಾನೇ ಕುಯ್ದೆ ಕಣವ್ವ. ಸುಳ್ಳೇಳ್ದೆ."

ಸುರುಳಿಯ ಹೊರಸುತ್ತು ಎಣ್ಣೆ ಕುಂಕುಮ ಸೇರಿ ಗಟ್ಟಿಯಾಗಿತ್ತು. ಮಾಲಿನಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಬಯ್ಯಲಿಲ್ಲ.

"ಪೂಜೆ ಮಾಡ್ಮಾಡೇ ಅರ್ಧ ಹಾಳು ಮಾಡಿದ್ದೀರಲ್ಲ ತಾತ. ಒಳಗಿಂದು ಚೆನ್ನಾಗದೆ."

"ಕುಂಕುಮ?"

"ತೊಳೀಬೇಕು. ಇಲ್ದಿದ್ರೆ ಮುಖ ಕಾಣಲ್ಲ."

ಅದು ಶಿವರತ್ನಮ್ಮನ ಬೆರಳು ಇಟ್ಟ ಕುಂಕುಮ. ಆ ಬೆರಳು ಮಣ್ಣಾಗಿ ಎಂಟು ತಿಂಗಳು. ಪುಟ್ಟಮಾದಪ್ಪ ಡಬ್ಬಿಯ ಅಂಚನ್ನು ಒಮ್ಮೆ ಸವರಿದ.

"ತೊಳಿ," ಎಂದ.

ಸಂಜೆ ಹೆಂಡತಿಯ ಪಟದ ಮುಂದೆ ಕುಳಿತ. "ರತ್ನಿ, ಅದು ಬಿಸಾಕಿದ್ದಲ್ಲ ಕಣಮ್ಮಿ. ನಾನು ಕದ್ದದ್ದು." ನಿನ್ನ ಕೈಯಲ್ಲಿ ಇಷ್ಟು ವರ್ಷ ಕಳವಿನ ಮಾಲಿಗೆ ಪೂಜೆ ಮಾಡಿಸಿದೆ ಎಂಬುದನ್ನೂ ಹೇಳಬೇಕಿತ್ತು. ಅದನ್ನು ಹೇಳದೆಯೇ ಎದ್ದ. ದೇವರ ಗೂಡಿನಲ್ಲಿ ಡಬ್ಬಿಯಿದ್ದ ಖಾಲಿ ಜಾಗಕ್ಕೆ ಕುಂಕುಮ ಇಟ್ಟ.