ಆರರ ಬಾಲ

"ಆರಕ್ಕೆ ಬಾಲ ಇಲ್ಲ ಅಂತ ಅವತ್ತೇ ಹೇಳಿದ್ನಲ್ಲ ಸಾರ್!"

ಮೈಸೂರು ಪಾಕಿನ ತಟ್ಟೆ ಚಾಚಿದ್ದ ಮುನೀಂದ್ರ ಮೇಷ್ಟ್ರ ಕೈ ಹಾಗೇ ನಿಂತಿತು. ಪಕ್ಕದ ಮನೆಯ ಮಗ್ಗಗಳ ಸದ್ದಿಗೆ ಕೇಳಿಸಲಿಲ್ಲವೇನೋ ಎಂದು ಯಶಸ್ವಿನಿ ಲ್ಯಾಪ್‌ಟಾಪಿನ ಪರದೆಗೆ ಬೆರಳಿಟ್ಟು ಇನ್ನೊಮ್ಮೆ ಹೇಳಿದಳು.

ಬಳಕೆ ತಪ್ಪಿದ ಹಳೆಯ ಲಿಪಿಯೊಂದರ ಅಂಕೆಗಳನ್ನು ಫೋನು, ಕಂಪ್ಯೂಟರುಗಳಿಗೆ ಸೇರಿಸಬೇಕೆಂಬುದು ಮೇಷ್ಟ್ರ ಹುಚ್ಚು. ಕಾಲೇಜಿನಲ್ಲಿ ಅವರ ಪಾಠ ಕೇಳಿದ ಯಶಸ್ವಿನಿಗೂ ಅದು ಅಂಟಿತ್ತು. ಇಬ್ಬರೂ ಊರೂರು ಅಲೆದು ಶಾಸನಗಳ ಅಚ್ಚು ತೆಗೆದಿದ್ದರು. ಒದ್ದೆ ಕಾಗದವನ್ನು ಕಲ್ಲಿಗೆ ಬಡಿದು ಮಸಿ ಒತ್ತಿದರೆ ತಗ್ಗೆಲ್ಲ ಬೆಳ್ಳಗೆ ಉಳಿಯುತ್ತದೆ. ಕೆತ್ತಿದ ಗೆರೆಯಾದರೇನು, ಬಿರುಕಾದರೇನು, ಕಾಗದಕ್ಕೆ ಎರಡೂ ಒಂದೇ.

ಆರು ಸಿಕ್ಕಿದ್ದು ಹತ್ತಿರದ ಮಧುರೆ ಎಂಬ ಹಳ್ಳಿಯ ಹೊಲದ ಕಲ್ಲೊಂದರಲ್ಲಿ ಮಾತ್ರ. ಅದರ ಕೆಳಗಿರುವುದು ಬರೀ ಬಿರುಕೆಂದು ಯಶಸ್ವಿನಿ ಕಲ್ಲು ಮುಟ್ಟಿ ತೋರಿಸಿದ್ದಳು. ತಿದ್ದುತ್ತೇನೆಂದ ಮೇಷ್ಟ್ರು, ಲಿಪಿಗಳಿಗೆ ಒಪ್ಪಿಗೆ ಕೊಡುವ ಸಮಿತಿಗೆ ಬಾಲ ಸೇರಿಸಿಯೇ ಅರ್ಜಿ ಕಳಿಸಿದ್ದರು. ಬಾಲವಿಲ್ಲದಿದ್ದರೆ ಅದು ಮೂರರಂತೆಯೇ ಕಂಡು, ತಕರಾರೆದ್ದು, ಇನ್ನಷ್ಟು ವರ್ಷ ಕಾಯಬೇಕಿತ್ತು. ಈಗ ಒಪ್ಪಿಗೆ ಬಂದಿತ್ತು. ಅರ್ಜಿಯಲ್ಲಿ, ಕಲ್ಲನ್ನು ಕಣ್ಣಾರೆ ಪರೀಕ್ಷಿಸಿದವರು ಎಂಬಲ್ಲಿ ಅವಳ ಹೆಸರೊಂದೇ ಇತ್ತು.

ಗುರುವೆಂದು ನಂಬಿದ್ದಕ್ಕೆ ಚೆನ್ನಾಗಿ ನಾಮ ಹಾಕಿದ್ದರು. ಅವಳಿಗೆ ಅಳು ಬಂತು, ಅಳುವಿಗಿಂತ ಮುಂಚೆ ಸಿಟ್ಟು ಬಂತು.

"ಇದು ಫೋನುಗಳಿಗೆ ಹೋಗೋ ಮುಂಚೆ ತಿದ್ದಿ ಅಂತ ಬರೀತೀನಿ ಸಾರ್. ಕಲ್ಲಿನ ಫೋಟೋನೂ ತೆಗೆದು ಕಳಿಸ್ತೀನಿ."

"ಧಾರಾಳವಾಗಿ ಕಳ್ಸು. ಹೋಗಿ ನೋಡ್ಕೊಂಡು ಬಾ ಕಣಮ್ಮ, ಕಲ್ಲೇನು ಸುಳ್ಳು ಹೇಳುತ್ತಾ?" ಮೇಷ್ಟ್ರು ನಕ್ಕು ಸಿಹಿಯನ್ನು ಅವಳ ಕೈಗಿಟ್ಟರು.

ಮರುದಿನ ಅವಳು ಮಧುರೆಗೆ ಹೋದಾಗ ಹೊಲದ ಯಜಮಾನ ಮುನಿವೆಂಕಟಪ್ಪ ರಾಗಿಯ ಕಳೆ ತೆಗೆಸುತ್ತಿದ್ದ.

"ನೀನೂ ಬಂದ್ಯಾ ತಾಯಿ? ಹೋದ ವಾರ ನಿಮ್ ಮೇಷ್ಟ್ರು ಬಂದಿದ್ರು, ಉಳಿ ಸುತ್ಗೆ ತಗಂಡು. ಪಾಚಿ ಕೆರೀಬೇಕು ಅಂದ್ರು. ನಾನೇ ನೀರು ತಂದ್ಕೊಟ್ಟೆ. ಆಮೇಲೆ ಹರಳೆಣ್ಣೆ ಹಚ್ಸಿ ಪೂಜೇನೂ ಮಾಡುಸ್ಬುಟ್ರು. ದೊಡ್ಡ ಮನ್ಸ!"

ಯಶಸ್ವಿನಿ ಕಲ್ಲಿನ ಬಳಿಗೆ ಓಡಿದಳು. ಕಲ್ಲು ಎಣ್ಣೆ ಕುಡಿದು ಕರ್ರಗೆ ಹೊಳೆಯುತ್ತಿತ್ತು, ಅರಿಶಿನ ಕುಂಕುಮ ಬೇರೆ. ಆರರ ಕೆಳಗೆ ಬೆರಳಿಟ್ಟಳು. ಎಲ್ಲೂ ಬಿರುಕಿನ ತರಿ ಸಿಗಲಿಲ್ಲ. ಬೆರಳು ನುಣ್ಣಗೆ ಬಾಗಿ, ಬಾಲದ ತುದಿಯವರೆಗೂ ತಾನಾಗಿಯೇ ಜಾರಿಕೊಂಡು ಹೋಯಿತು.

"ಕೈ ಮುಗಿಯವ್ವ, ಒಳ್ಳೇದಾಯ್ತದೆ," ಎಂದ ಮುನಿವೆಂಕಟಪ್ಪ, ತಾನೂ ಟವೆಲು ತೆಗೆದು ಕಲ್ಲಿಗೆ ಕೈ ಮುಗಿದ.